ನಲವತ್ತರ ನಂತರದ ಆರು ಹಾಳೆ

ಕನ್ನಡಕದಂಗಡಿಯ ಡಾಕ್ಟ್ರು ನಿಜವಾದ ಡಾಕ್ಟರಲ್ಲ ಎಂಬುದು ತಮಗೊಬ್ಬರಿಗೇ ಗೊತ್ತಿರುವ ಗುಟ್ಟು ಎಂದು ಅವರು ನಂಬಿದ್ದರು. ಬೀದಿಗೆಲ್ಲ ಅದು ಗೊತ್ತಿತ್ತು. ಆದರೆ ಬಿಳಿ ಕೋಟು ತೊಟ್ಟು, ಕುತ್ತಿಗೆಗೆ ಟಾರ್ಚು ನೇತುಹಾಕಿಕೊಂಡು, ಗಿರಾಕಿಯ ರೆಪ್ಪೆಯನ್ನು ಹೆಬ್ಬೆರಳಿನಿಂದ ಮೇಲೆತ್ತಿ, ಒಳಗೆ ಏನೋ ಭಯಂಕರವಾದದ್ದು ಕಂಡವರಂತೆ ನಿಟ್ಟುಸಿರು ಬಿಡುವ ಮನುಷ್ಯನನ್ನು ಬೇರೆ ಏನೆಂದು ಕರೆಯುವುದು? ಜನ ಡಾಕ್ಟ್ರೇ ಎಂದರು. ಇಪ್ಪತ್ತೆರಡು ವರ್ಷ ಹಾಗೆ ಕರೆಸಿಕೊಂಡ ಮೇಲೆ, ತಾವು ಯಾವುದೋ ಕಾಲೇಜಿಗೆ ಹೋಗಿ ಬಂದಿರಲೂಬಹುದು, ಮರೆತಿರಬೇಕು ಎಂದು ಅವರಿಗೇ ಆಗಾಗ ಅನಿಸುತ್ತಿತ್ತು.

ಅಂಗಡಿ ಇದ್ದದ್ದು ಮೂರು ಮಹಡಿಯ ಕಟ್ಟಡವೊಂದರ ಮೆಟ್ಟಿಲ ಕೆಳಗೆ. ಎದ್ದು ನಿಂತರೆ ತಲೆ ತಾಗುವ ಮೂಲೆಯಲ್ಲಿ ಗಾಜು ಉಜ್ಜುವ ಸಾಣೆ, ತಲೆ ತಾಗದ ಮೂಲೆಯಲ್ಲಿ ಗಿರಾಕಿಯ ಕುರ್ಚಿ, ಗೋಡೆಯ ಮೇಲೆ ದೊಡ್ಡಕ್ಷರದಿಂದ ಸಣ್ಣಕ್ಷರಕ್ಕೆ ಇಳಿಯುವ ಪಟ. ಇದನ್ನು ಕಟ್ಟಿ ಬೆಳೆಸಿದವರು ಅವರ ಮಾವ, ಅಂದರೆ ಹೆಂಡತಿಯ ತಂದೆ. ನಲವತ್ತು ವರ್ಷ ಆ ಮೂಲೆಯಲ್ಲೇ ಬೆನ್ನು ಬಗ್ಗಿಸಿ ಗಾಜು ಉಜ್ಜಿದವರು, ಒಂದು ದಿನವೂ ಕೋಟು ಹಾಕಿದವರಲ್ಲ. ಸಾಯುವ ಮುಂಚೆ ಅಳಿಯನಿಗೆ ಮಗಳನ್ನು ಕೊಟ್ಟರು, ಸಾಣೆಯನ್ನು ಕೊಟ್ಟರು, ಕೆಲಸ ಕಲಿಸಿದರು, ಅಂಗಡಿಯ ಬಾಡಿಗೆ ಪತ್ರವನ್ನೂ ಅಳಿಯನ ಹೆಸರಿಗೇ ಮಾಡಿಸಿದರು. ಡಾಕ್ಟ್ರು ತಾವಾಗಿ ಸಂಪಾದಿಸಿದ್ದು ಕೋಟೊಂದನ್ನೇ.

ಕಟ್ಟಡದ ಮಾಲೀಕರಿಗೆ ಐವತ್ತೆಂಟನೆಯ ವಯಸ್ಸಿನಲ್ಲಿ ಲಿಫ್ಟಿನ ಆಸೆ ಹುಟ್ಟಿತು. ಎಂಜಿನಿಯರು ಬಂದು ಅಳತೆ ಹಿಡಿದು, ಲಿಫ್ಟು ಬಂದು ನಿಲ್ಲುವುದಾದರೆ ಡಾಕ್ಟ್ರ ತಲೆಯ ಮೇಲೇ ನಿಲ್ಲಬೇಕು ಎಂದು ತೀರ್ಮಾನ ಕೊಟ್ಟ. ಬಾಡಿಗೆದಾರನು ಸತತವಾಗಿ ಆರು ತಿಂಗಳು ಅಂಗಡಿ ಮುಚ್ಚಿಟ್ಟರೆ ಮಾಲೀಕ ಅದನ್ನು ಬಿಡಿಸಿಕೊಳ್ಳಬಹುದು ಎಂದು ಕಾನೂನಿನಲ್ಲೊಂದು ಕಲಮು ಇತ್ತು. ಡಾಕ್ಟ್ರು ಷಟರನ್ನು ಯಾವಾಗಲೂ ಅರ್ಧ ಇಳಿಸಿಯೇ ಇಡುತ್ತಿದ್ದರು. ಕಣ್ಣು ನೋಡುವುದಕ್ಕೆ ಕತ್ತಲು ಬೇಕು ಎಂದು ಅವರು ಹೇಳುತ್ತಿದ್ದರು. ಮಧ್ಯಾಹ್ನದ ನಿದ್ದೆಗೂ ಅದೇ ಕತ್ತಲು ಒದಗುತ್ತಿತ್ತು ಎಂಬುದನ್ನು ಹೇಳುತ್ತಿರಲಿಲ್ಲ. ಮಾಲೀಕರು ಆ ಅರ್ಧ ಷಟರನ್ನು ಹಿಡಿದುಕೊಂಡು, ಹೋದ ಜೂನ್‌ನಿಂದ ನವೆಂಬರ್‌ವರೆಗೆ ಅಂಗಡಿ ಮುಚ್ಚಿತ್ತು ಎಂದು ದಾವೆ ಹೂಡಿದರು.

ಅದು ಹಸಿ ಸುಳ್ಳು. ಡಾಕ್ಟ್ರು ಆ ಆರು ತಿಂಗಳೂ ಅಂಗಡಿಯಲ್ಲೇ ಕುಳಿತಿದ್ದರು. ಆದರೆ ಕುಳಿತಿದ್ದಕ್ಕೆ ಸಾಕ್ಷಿ ಬೇಕಲ್ಲ. ರಸೀದಿ ಬರೆಯುವುದು ಅಂಗಡಿಯವರ ಕೆಲಸ, ಡಾಕ್ಟರ ಕೆಲಸವಲ್ಲ ಎಂಬ ಗತ್ತಿನಲ್ಲಿ ಅವರು ಇಪ್ಪತ್ತೆರಡು ವರ್ಷದಲ್ಲಿ ಒಂದು ರಸೀದಿಯನ್ನೂ ಹರಿದು ಕೊಟ್ಟವರಲ್ಲ. ಎದುರಂಗಡಿಯ ಟೈಲರ್ ಅವರ ಪರವಾಗಿ ಸಾಕ್ಷಿ ಹೇಳಲು ಬಂದ. ಬಂದವನು ಪ್ರಮಾಣ ಮಾಡಿ, ಗಂಟಲು ಸರಿಮಾಡಿಕೊಂಡು, "ಷಟರು ಅರ್ಧ ಇಳಿದಿತ್ತು ಸ್ವಾಮಿ. ಕೆಳಗೆ ಎರಡು ಕಾಲು ಕಾಣ್ತಿತ್ತು. ಯಾರ ಕಾಲು ಅಂತ ನಾನು ಹೇಳೋಕಾಗಲ್ಲ" ಎಂದು ಹೇಳಿ, ಸತ್ಯ ನುಡಿದ ಸಂತೋಷದಲ್ಲಿ ಇಳಿದುಹೋದ.

ಮಾರನೆಯ ದಿನ ಮಧ್ಯಾಹ್ನ, ಮೊದಲ ದಿನವೇ ಹೇಳಿಕೆ ಕೊಟ್ಟಿದ್ದ ಡಾಕ್ಟ್ರನ್ನು ಎದುರು ಪಕ್ಷ ಪ್ರಶ್ನಿಸುವ ಸರದಿ. ಹೆಂಡತಿಗೆ ಅವತ್ತು ಜ್ವರ, ಅವಳು ಬರಲಿಲ್ಲ. ಮಾಲೀಕರ ಲಾಯರ್ರು ಎದ್ದು ನಿಂತು, ಕೈ ಕಟ್ಟಿಕೊಂಡು, ಬಹಳ ವಿನಯದಿಂದ "ಡಾಕ್ಟರ್ ಸಾಹೇಬ್ರೇ, ತಮ್ಮದು ಯಾವ ಕಾಲೇಜು?" ಎಂದು ಕೇಳಿದರು. ಡಾಕ್ಟ್ರು ಅನುಭವ ಎಂದರು. ಅನುಭವ ಎಂಬ ಕಾಲೇಜು ಯಾವ ಊರಿನಲ್ಲಿದೆ ಎಂದು ಲಾಯರ್ರು ಕೇಳಿದರು. ಹಾಗಾದರೆ ಕೆಲಸ ಕಲಿಸಿದವರು ಯಾರು, ಮಾವನವರೋ ಎಂದಾಗ ಡಾಕ್ಟ್ರಿಗೆ ಇಡೀ ಕೋರ್ಟು ತಮ್ಮ ಕೋಟನ್ನೇ ಎಳೆಯುತ್ತಿರುವಂತೆ ಅನಿಸಿತು. ಅವರು ಎದೆಯುಬ್ಬಿಸಿ, ಪ್ರಮಾಣ ಮಾಡಿದ ಬಾಯಿಂದಲೇ ಹೇಳಿದರು: "ಅವರು ನನ್ನ ಕೈಕೆಳಗೆ ಕಾಂಪೌಂಡರ್ ಆಗಿದ್ರು."

ಲಾಯರ್ರು ಅಷ್ಟಕ್ಕೇ ಬಿಡಲಿಲ್ಲ. ಎದುರುಗೋಡೆಯ ಮೇಲೆ ಅಂಗೈಯಗಲದ ಅಕ್ಷರಗಳಲ್ಲಿ ಬರೆದಿದ್ದ ಹಲಗೆಯನ್ನು ತೋರಿಸಿ, ತಾವೇ ಮಾಡಿಕೊಂಡ ಕನ್ನಡಕ ಹಾಕಿಕೊಂಡು ಅದನ್ನೊಮ್ಮೆ ಓದಿ ಎಂದರು. ಡಾಕ್ಟ್ರು ಕನ್ನಡಕ ಹಾಕಿಕೊಂಡರು, ತೆಗೆದರು, ಕೋಟಿನ ತುದಿಯಲ್ಲಿ ಒರೆಸಿದರು, ಮತ್ತೆ ಹಾಕಿಕೊಂಡರು. ಕತ್ತನ್ನು ಹಿಂದಕ್ಕೆ ಎಳೆದರು, ಮುಂದಕ್ಕೆ ಚಾಚಿದರು. ಹಲಗೆಯ ಮೇಲೆ ಇದ್ದದ್ದು 'ನಿಶ್ಶಬ್ದವಾಗಿರಿ' ಎಂಬ ಒಂದೇ ಪದ. ಡಾಕ್ಟ್ರು ಮೂರು ನಿಮಿಷ ಒಂದಕ್ಷರವೂ ಆಡದೆ ನಿಂತರು. ಸಾಕ್ಷಿಯು ಹಲಗೆಯನ್ನು ಓದಲಿಲ್ಲ, ಪಾಲಿಸಿದರು ಎಂದು ದಾಖಲಾಗಲಿ ಎಂದು ಲಾಯರ್ರು ಬೇಡಿಕೊಂಡರು. ಕೋರ್ಟಿನ ಬೆರಳಚ್ಚಿನವಳು ಅದನ್ನೂ ಹೊಡೆದಳು.

ಆಮೇಲೆ ಮಾಲೀಕರನ್ನು ಕರೆಸಿದರು. ಡಾಕ್ಟ್ರ ಲಾಯರ್ರಿಗೆ ಅವತ್ತು ಬೇರೆ ಕೋರ್ಟಿನಲ್ಲೂ ಕೆಲಸವಿತ್ತು. ಬಾಗಿಲ ಕಡೆ ನೋಡುತ್ತಲೇ, ನನ್ನ ಕಕ್ಷಿದಾರರ ಮೇಲೆ ನಿಮಗೆ ದ್ವೇಷವಿದೆ ಅಲ್ಲವೇ ಎಂದು ಒಂದೇ ಪ್ರಶ್ನೆ ಎಸೆದರು. ಮಾಲೀಕರು ಆ ಹೊತ್ತಿಗೆ ನಕ್ಕು ನಕ್ಕು ಹದ ತಪ್ಪಿದ್ದರು. "ಇರದೆ ಏನ್ರೀ? ಹೋದ ಸೆಪ್ಟೆಂಬರ್‌ನಲ್ಲಿ ಇದೇ ಅಂಗಡಿಗೆ ಹೋಗಿ, ಅದೇ ಕುರ್ಚೀಲಿ ಕೂತು, ಇವರ ಹತ್ರಾನೇ ಕನ್ನಡಕ ಮಾಡಿಸಿಕೊಂಡೆ. ಹಾಕ್ಕೊಂಡು ಆಚೆ ಬಂದವನಿಗೆ ಎರಡು ಮೆಟ್ಟಿಲು ಒಂದಾಗಿ ಕಂಡಿತು" ಎಂದು ಹೇಳಿ, ಪ್ಯಾಂಟು ಮೇಲೆಳೆದು ಮೊಣಕಾಲಿನ ಗಾಯದ ಕಲೆಯನ್ನು ನ್ಯಾಯಾಧೀಶರಿಗೆ ತೋರಿಸಿದರು. ಡಾಕ್ಟ್ರು ಕುಳಿತಲ್ಲಿಂದಲೇ ಎದ್ದು, ಕನ್ನಡಕ ತಾವೇ ಮಾಡಿದ್ದೆಂದೂ, ಅದು ಸರಿಯಾಗಿಯೇ ಇತ್ತೆಂದೂ, ಮಾಲೀಕರು ಆಕಾಶ ನೋಡಿಕೊಂಡು ಮೆಟ್ಟಿಲು ಇಳಿದರೆಂದೂ ಕೂಗಿದರು. ಕೋರ್ಟು ಹೊಟ್ಟೆ ಹಿಡಿದುಕೊಂಡು ನಕ್ಕಿತು. ನ್ಯಾಯಾಧೀಶರೂ ನಕ್ಕರು.

ಎಲ್ಲರೂ ನಗುತ್ತಿದ್ದುದರಿಂದ, ಮುಚ್ಚಿದ್ದ ಅಂಗಡಿಯಲ್ಲಿ ಸೆಪ್ಟೆಂಬರ್ ತಿಂಗಳಲ್ಲಿ ಕನ್ನಡಕ ಹೇಗೆ ತಯಾರಾಯಿತು ಎಂದು ಯಾರೂ ಕೇಳಲಿಲ್ಲ. ಮಾಲೀಕರು ತಮ್ಮ ಕೇಸನ್ನು ತಮ್ಮ ಬಾಯಿಂದಲೇ ಕೆಡವಿ, ಕಾಲು ತೋರಿಸಿ ಕುಳಿತಿದ್ದರು. ಅದು ಗೊತ್ತಾಗದೆ ಹೋದದ್ದು ಆ ಕೋಣೆಯಲ್ಲಿದ್ದ ಮೂವತ್ತು ಬುದ್ಧಿವಂತರಿಗೆ. ಎರಡು ತಿಂಗಳ ಮೇಲೆ ತೀರ್ಪು ಬರೆಯುವಾಗ ನ್ಯಾಯಾಧೀಶರಿಗೆ ನಕ್ಕಿದ್ದು ನೆನಪಿತ್ತು, ಯಾಕೆ ನಕ್ಕಿದ್ದು ಎಂಬುದು ಮರೆತಿತ್ತು. ಅರ್ಧ ಮುಚ್ಚಿದ ಬಾಗಿಲು ಗಿರಾಕಿಯ ಪಾಲಿಗೆ ಮುಚ್ಚಿದ ಬಾಗಿಲೇ ಎಂದು ಬರೆದು ಅಂಗಡಿಯನ್ನು ಮಾಲೀಕರಿಗೆ ಕೊಟ್ಟುಬಿಟ್ಟರು.

ಮನೆಯಲ್ಲಿ ಡಾಕ್ಟ್ರು ಹೇಳಿದ ಕಥೆಯೇ ಬೇರೆ. ಲಾಯರ್ರು ಇಪ್ಪತ್ತು ಪ್ರಶ್ನೆ ಕೇಳಿದರು, ನಾನು ಇಪ್ಪತ್ತೊಂದು ಉತ್ತರ ಕೊಟ್ಟೆ, ಕೊನೆಗೆ ಆತ ನೀರು ಕುಡಿದು ಕುಳಿತ ಎಂದಿದ್ದರು. ಇಷ್ಟೆಲ್ಲ ಆದಮೇಲೂ ಸೋತದ್ದು ಹೇಗೆ ಎಂದು ಹೆಂಡತಿ ಕೇಳಿದಾಗ, ದೊಡ್ಡವರನ್ನು ಕಂಡರೆ ಚಿಕ್ಕ ಕೋರ್ಟಿಗೆ ಹೊಟ್ಟೆಯುರಿ ಎಂದು ವಿವರಿಸಿದರು. ಅವಳು ನಂಬಿದಳೋ ಬಿಟ್ಟಳೋ, ಅಪೀಲು ಹಾಕಲೇಬೇಕು ಎಂದು ಹಟ ಹಿಡಿದಳು. ಅವಳ ಪಾಲಿಗೆ ಅದು ಮೆಟ್ಟಿಲ ಕೆಳಗಿನ ಗೂಡಲ್ಲ, ಅಪ್ಪ ಬೆನ್ನು ಬಗ್ಗಿಸಿ ಕುಳಿತಿದ್ದ ಜಾಗ. ಇಂದಿಗೂ ಬೆಳಿಗ್ಗೆ ಬಂದು ಸಾಣೆಯ ಮೇಲಿನ ಧೂಳನ್ನು ಸೆರಗಿನಲ್ಲಿ ಒರೆಸಿ ಹೋಗುತ್ತಿದ್ದವಳು ಅವಳೇ.

ಡಾಕ್ಟ್ರ ಲಾಯರ್ರಿಗೆ ತಡವಾಗಿಯಾದರೂ ಬುದ್ಧಿ ಬಂದಿತ್ತು. ಸಾಕ್ಷಿಗಳ ಹೇಳಿಕೆಯ ನಕಲು ಕೈಗೆ ಬಂದಾಗ ಓದಿ, ನಲವತ್ತನಾಲ್ಕನೆಯ ಪುಟದಲ್ಲಿ ಕುರ್ಚಿಯಲ್ಲಿ ಎದ್ದು ಕುಳಿತಿದ್ದರು. ಆದರೆ ಕಕ್ಷಿದಾರರಿಗೆ ಏನನ್ನೂ ಪೂರ್ತಿ ಹೇಳಬಾರದು, ಹೇಳಿದರೆ ಲಾಯರ್ರ ಬೆಲೆ ಹೋಗುತ್ತದೆ ಎಂಬುದು ಅವರ ಮೂವತ್ತು ವರ್ಷದ ನಂಬಿಕೆ. ಆದ್ದರಿಂದ ಬಾಗಿಲು ಹಾಕಿ, ಧ್ವನಿ ತಗ್ಗಿಸಿ, "ರೆಕಾರ್ಡಲ್ಲಿ ಒಂದು ಮಾತಿದೆ. ಒಂದೇ ಮಾತು. ಅದನ್ನ ಅಲ್ಲಿ ಓದಿದ ದಿನ ಮಾಲೀಕರು ಬಾಲ ಮುದುರಿಕೊಂಡು ಹೋಗ್ತಾರೆ. ಯಾವ ಮಾತು ಅಂತ ಈಗ ಕೇಳಬೇಡಿ" ಎಂದಷ್ಟೇ ಹೇಳಿದರು.

ಜೊತೆಗೆ ಅಪೀಲಿನ ನಿಯಮವನ್ನೂ ತಿಳಿಸಿದರು. ಅಪೀಲು ಮುಗಿಯುವವರೆಗೆ ಅಂಗಡಿ ಬಿಡಬೇಕಾಗಿಲ್ಲ. ಮೇಲಿನ ಕೋರ್ಟು ಸಾಕ್ಷಿಗಳನ್ನು ಕರೆಯುವುದಿಲ್ಲ, ಅಂಗಡಿ ನೋಡಲು ಬರುವುದಿಲ್ಲ. ಕೆಳಗಿನ ಕೋರ್ಟಿನಲ್ಲಿ ನಡೆದದ್ದು ಕಾಗದದಲ್ಲಿ ಎಷ್ಟು ಬಂದಿದೆಯೋ ಅಷ್ಟೇ ಅದಕ್ಕೆ ಗೊತ್ತು. ಆ ಕಾಗದವನ್ನು ತಾನಾಗಿ ತರಿಸಿಕೊಳ್ಳುವುದೂ ಇಲ್ಲ. ಅಪೀಲು ಹಾಕಿದವನೇ ಒಂದೂ ಬಿಡದಂತೆ ಜೋಡಿಸಿ, ಹೊಲಿಸಿ, ಮುಂದಿಡಬೇಕು. ಬಿಟ್ಟುಹೋದ ಹಾಳೆಯಲ್ಲಿ ಏನಿತ್ತು ಎಂಬ ಪ್ರಶ್ನೆ ಬಂದರೆ, ಅದು ಇವನಿಗೆ ವಿರುದ್ಧವಾಗಿಯೇ ಇತ್ತು ಎಂದು ಕೋರ್ಟು ತಿಳಿಯುತ್ತದೆ. ಹೀಗೆಂದು ಹೇಳಿ, ಮೊಹರು ಬಿದ್ದ ನೂರ ಹನ್ನೆರಡು ಹಾಳೆಯ ಕಟ್ಟನ್ನು, ತಮ್ಮ ಬಳಿ ಇದ್ದ ಒಂದೇ ಕಟ್ಟನ್ನು, ಡಾಕ್ಟ್ರ ಕೈಗೆ ಕೊಟ್ಟು, ಇದು ಕೋರ್ಟಿಗೆ, ಇದರ ಎರಡು ಜೆರಾಕ್ಸು, ಒಂದು ಎದುರು ಪಕ್ಷಕ್ಕೆ, ಒಂದು ನಮಗೆ ಎಂದರು. ಕಾಗದದ ಕೆಲಸ ತಮಗೆ ಬಿಡಿ ಎಂದು ಡಾಕ್ಟ್ರು ಅಭಯ ಕೊಟ್ಟರು.

ಅಂಗಡಿಗೆ ಬಂದು, ಷಟರನ್ನು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಇಳಿಸಿ, ಆ ಒಂದು ಮಾತಿಗಾಗಿ ಹುಡುಕತೊಡಗಿದರು. ಬಹಳ ಹುಡುಕಬೇಕಾಗಲಿಲ್ಲ. ಹನ್ನೆರಡನೆಯ ಪುಟದಲ್ಲಿ, ಮೊದಲ ದಿನದ ಹೇಳಿಕೆಯಲ್ಲಿ, ಅವರೇ ಹೇಳಿದ್ದ ಮಾತು ಅವರಿಗಾಗಿ ಕಾದಿತ್ತು: 'ಈ ಊರಿಗೆ ಕಣ್ಣು ಕೊಟ್ಟವನು ನಾನು.' ಡಾಕ್ಟ್ರು ಅದನ್ನು ನಾಲ್ಕು ಸಲ ಓದಿದರು, ಒಂದು ಸಲ ಎದ್ದು ನಿಂತು ಓದಿದರು, ತಲೆ ಮೆಟ್ಟಿಲಿಗೆ ತಾಗಿತು. ಲಾಯರ್ರು ಹೇಳಿದ ಮಾತು ಇದಲ್ಲದೆ ಇನ್ನು ಯಾವುದಿರಲು ಸಾಧ್ಯ? ಕೆಂಪು ಪೆನ್ಸಿಲಿನಿಂದ ಅದರ ಕೆಳಗೆ ಎರಡು ಗೆರೆ ಎಳೆದು, ಅಂಚಿನಲ್ಲಿ ನಕ್ಷತ್ರವನ್ನೂ ಹಾಕಿದರು.

ಆಮೇಲೆ ನಲವತ್ತೊಂದನೆಯ ಪುಟ ಬಂತು. ಅಲ್ಲಿಂದ ನಲವತ್ತಾರರವರೆಗೆ ಓದುವಷ್ಟರಲ್ಲಿ ಅವರ ಕಿವಿ ಕಾದ ಹೆಂಚಾಗಿತ್ತು. ಕಾಲೇಜು, ಕಾಂಪೌಂಡರು, ಹಲಗೆ, ಮೊಣಕಾಲು, ಎಲ್ಲ ಕಂತೆ ಕಂತೆಯಾಗಿ ಅಲ್ಲಿತ್ತು. ಬೆರಳಚ್ಚಿನವಳು ಎಲ್ಲೆಲ್ಲಿ ನಗು ಬಂತೆಂಬುದನ್ನೂ ಕಂಸದಲ್ಲಿ ಹಾಕಿದ್ದಳು. ಇದನ್ನು ಮೇಲಿನ ಕೋರ್ಟಿನ ದೊಡ್ಡ ನ್ಯಾಯಾಧೀಶರು ಓದಬೇಕೆ? ಜೆರಾಕ್ಸು ಅಂಗಡಿಯಾಕೆ ಓದಬೇಕೆ, ಅವಳಿಂದ ಟೈಲರ್ ಓದಬೇಕೆ? ಎಲ್ಲಕ್ಕಿಂತ ಮೇಲಾಗಿ, ಸಾಮಾನು ಕಟ್ಟಿ ತಂದ ಹಳೆಯ ಪೇಪರನ್ನೂ ಬಿಚ್ಚಿ ಓದುವ ಹೆಂಡತಿ, ತನ್ನ ತಂದೆ ಯಾರ ಕೈಕೆಳಗೆ ಏನಾಗಿದ್ದರು ಎಂಬುದನ್ನು ಸರ್ಕಾರಿ ಮೊಹರಿನ ಸಮೇತ ಓದಬೇಕೆ? ಗೆಲ್ಲುವ ಮಾತು ಹನ್ನೆರಡರಲ್ಲೇ ಇರುವಾಗ ಈ ಹೊಲಸನ್ನು ಹೊತ್ತುಕೊಂಡು ಹೋಗುವುದು ಯಾವ ಬುದ್ಧಿವಂತಿಕೆ? ಡಾಕ್ಟ್ರು ದಾರ ಬಿಚ್ಚಿ ಆರು ಹಾಳೆಗಳನ್ನು ಹೊರಕ್ಕೆಳೆದರು.

ಹರಿದು ಬಿಸಾಡಬೇಕೆಂದೇ ಹೊರಟಿದ್ದರು. ಆದರೆ ನಲವತ್ತೊಂದನೆಯ ಪುಟದ ಮೊದಲ ಸಾಲಿನಲ್ಲಿ 'ಡಾಕ್ಟರ್ ಸಾಹೇಬ್ರೇ' ಎಂದಿತ್ತು, ಪಕ್ಕದಲ್ಲೇ ಕೋರ್ಟಿನ ದುಂಡು ಮೊಹರು. ಅವರನ್ನು ಡಾಕ್ಟರ್ ಎಂದು ಕರೆದಿದ್ದ ಸರ್ಕಾರಿ ಕಾಗದ ಭೂಮಿಯ ಮೇಲೆ ಅದೊಂದೇ. ಹರಿಯಲು ಕೈ ಬರಲಿಲ್ಲ. ಮಡಚಿ ಕೋಟಿನ ಒಳಜೇಬಿನಲ್ಲಿ ಇಟ್ಟುಕೊಂಡರು, ಹೆಂಡತಿಗೆ ಕೋಟು ಒಗೆಯಲು ಕೊಡುವುದನ್ನೂ ಅಂದಿನಿಂದ ನಿಲ್ಲಿಸಿದರು.

ಜೆರಾಕ್ಸು ಅಂಗಡಿಯಾಕೆಗೆ ಎಣಿಸಿಕೊಂಡು ಪ್ರತಿ ತೆಗೆಯುವ ಅಭ್ಯಾಸ. ನಲವತ್ತಾದ ಮೇಲೆ ನಲವತ್ತೇಳು ಬಂದದ್ದನ್ನು ನೋಡಿ ಅವಳು ಯಂತ್ರ ನಿಲ್ಲಿಸಿದಳು. ಅದು ಕೋರ್ಟಿನ ಪದ್ಧತಿ ಎಂದು ಡಾಕ್ಟ್ರು ಹೇಳಿದರು. ಹಾಗಿದ್ದರೆ ಹತ್ತಾದ ಮೇಲೆ ಹನ್ನೊಂದು ಯಾಕೆ ಬಂತು ಎಂದು ಅವಳು ಕೇಳಿದಳು. ಡಾಕ್ಟ್ರು ಸ್ವಲ್ಪ ಯೋಚಿಸಿ, ನಲವತ್ತೇಳರ ಮೇಲೆ ಬಿಳಿ ಚೀಟಿ ಅಂಟಿಸಿ ನಲವತ್ತೊಂದು ಎಂದು ಬರೆಯಲು ಹೇಳಿದರು. ಅಲ್ಲಿಂದ ಮುಂದಕ್ಕೆ ಎಲ್ಲ ಹಾಳೆಗೂ ಹಾಗೇ. ಅರವತ್ತಾರು ಚೀಟಿ ಕತ್ತರಿಸಿ ಅಂಟಿಸುವಾಗ ಅವಳು ಒಂದು ಮಾತು ಆಡಿದಳು. "ನಂದೇನೂ ಇಲ್ಲ ಡಾಕ್ಟ್ರೇ. ಆದ್ರೆ ನಾನು ದಿನಾ ಈ ಕೆಲಸ ಮಾಡೋಳು. ಹಾಳೆ ತೆಗೆದವರೇ ಆಮೇಲೆ ಓಡಿ ಬರೋದು." ಗಾಜಿನ ವಿಷಯ ನನಗೆ, ಹಾಳೆಯ ವಿಷಯವೂ ನನಗೆ ಬಿಡು ಎಂದು ಡಾಕ್ಟ್ರು ಅವಳ ಬಾಯಿ ಮುಚ್ಚಿಸಿದರು.

ಕಟ್ಟು ಕೋರ್ಟಿಗೆ ಹೋಯಿತು. ಲಾಯರ್ರ ಪ್ರತಿಯನ್ನು ಅವರ ಗುಮಾಸ್ತ ಕಪಾಟಿಗೆ ಸೇರಿಸಿದ. ಒಮ್ಮೆ ಓದಿದ್ದನ್ನು ಮತ್ತೆ ಓದುವುದು ನೆನಪಿನ ಶಕ್ತಿಗೆ ಅವಮಾನ ಎಂದು ಲಾಯರ್ರು ತಿಳಿದಿದ್ದರು. ಎದುರು ಪಕ್ಷದ ಪ್ರತಿ ಮಾತ್ರ ಅವರ ಲಾಯರ್ರ ಕಚೇರಿಯಲ್ಲಿ ಯಾರದೋ ಮೇಜಿನ ಮೇಲೆ ಹತ್ತು ದಿನ ಬಿಚ್ಚದೆ ಬಿದ್ದಿತ್ತು. ಆ ಹತ್ತು ದಿನದ ನಡುವೆಯೇ ಮಾಲೀಕರು ಒಂದು ಸಂಜೆ ಅರ್ಧ ಷಟರಿನ ಕೆಳಗೆ ಬಗ್ಗಿ ಒಳಗೆ ಬಂದರು.

ಅವರ ಮುಖದಲ್ಲಿ ಗೆಲುವಿರಲಿಲ್ಲ. ಅವರ ಲಾಯರ್ರಿಗೂ ಸೆಪ್ಟೆಂಬರ್ ತಿಂಗಳು ತಡವಾಗಿ ಹೊಳೆದಿತ್ತು, ಆ ಪುಟವನ್ನು ಮೇಲೆ ಓದಿದರೆ ನಾವು ಮುಳುಗಿದೆವು ಎಂದು ಹೇಳಿ ಕಳಿಸಿದ್ದರು. ಮಾಲೀಕರು ಗಿರಾಕಿಯ ಕುರ್ಚಿಯಲ್ಲಿ ಕುಳಿತು, ಸುತ್ತ ಮುತ್ತ ನೋಡಿ, ಲಿಫ್ಟನ್ನು ಹಿಂದುಗಡೆಯಿಂದಲೂ ಹಾಕಿಸಬಹುದಂತೆ ಎಂದು ಶುರುಮಾಡಿದರು. ಅಪೀಲು ವಾಪಸು ತೆಗೆದುಕೊಂಡರೆ ತಾವೂ ಗೆದ್ದ ಡಿಕ್ರಿಯನ್ನು ಬಿಟ್ಟುಕೊಡುವುದಾಗಿಯೂ, ಡಾಕ್ಟ್ರು ಇನ್ನು ಹತ್ತು ವರ್ಷ ನಿಶ್ಚಿಂತೆಯಿಂದ ಇರಬಹುದೆಂದೂ, ಬೇಕಾದರೆ ಬರೆದು ಕೊಡುವುದಾಗಿಯೂ ಹೇಳಿದರು. ಕೊನೆಗೆ ಮೆತ್ತಗೆ, "ಆ ಮಾತು ಅಲ್ಲಿ ಓದಿಸೋದು ಬೇಡ ಡಾಕ್ಟ್ರೇ. ನಮ್ಮ ನಮ್ಮಲ್ಲೇ ಮುಗಿಸೋಣ" ಎಂದರು.

ಹತ್ತು ವರ್ಷ. ಮಾವನ ಮೂಲೆ, ಹೆಂಡತಿಯ ನೆಮ್ಮದಿ, ಮಧ್ಯಾಹ್ನದ ನಿದ್ದೆ, ಎಲ್ಲ ತಟ್ಟೆಯಲ್ಲಿಟ್ಟು ಕೊಟ್ಟಿದ್ದರು. ಬೇರೆ ಯಾರಾದರೂ ಆಗಿದ್ದರೆ ಮಾಲೀಕರ ಕೈ ಹಿಡಿದು ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಡಾಕ್ಟ್ರು ಹನ್ನೆರಡನೆಯ ಪುಟವನ್ನು ನೆನೆದರು. ತಮ್ಮ ಒಂದು ವಾಕ್ಯಕ್ಕೆ ಮೂರು ಮಹಡಿಯ ಮಾಲೀಕ ನಡುಗುತ್ತಿದ್ದಾನೆ ಎಂದರೆ, ಅದನ್ನು ಮೇಲಿನ ಕೋರ್ಟಿನಲ್ಲಿ ಗಟ್ಟಿಯಾಗಿ ಓದಿಸದೆ ಬಿಡುವುದುಂಟೆ? ಅವರು ಟಾರ್ಚನ್ನು ಕುತ್ತಿಗೆಯಲ್ಲಿ ಸರಿಮಾಡಿಕೊಂಡು, ಆ ಮಾತು ಕೋರ್ಟಿನಲ್ಲೇ ಓದಲಾಗುವುದು, ಬೇಕಾದವರು ಬಂದು ಕೇಳಬಹುದು ಎಂದುಬಿಟ್ಟರು. ಮಾಲೀಕರು ಬಗ್ಗಿಕೊಂಡೇ ಹೊರಗೆ ಹೋದರು.

ಒಂದು ವಾರದಲ್ಲಿ ಎದುರು ಲಾಯರ್ರು ಕಟ್ಟು ಬಿಚ್ಚಿ ನೋಡಿದರು. ನಲವತ್ತನಾಲ್ಕು ತೆಗೆದರು, ಮತ್ತೊಮ್ಮೆ ತೆಗೆದರು, ಕಟ್ಟನ್ನು ತಲೆಕೆಳಗೆ ಮಾಡಿ ಕೊಡವಿದರು. ಆಮೇಲೆ ಅವರು ಯಾರಿಗೂ ಏನೂ ಹೇಳದೆ, ಕಕ್ಷಿದಾರರಿಗೆ ಮಾತ್ರ ಫೋನು ಮಾಡಿದರು. ಮಾರನೆಯ ದಿನದಿಂದ ಮಾಲೀಕರು ಮೆಟ್ಟಿಲಲ್ಲಿ ಎದುರಾದರೂ ತಲೆಯಾಡಿಸುವುದನ್ನು ಬಿಟ್ಟರು. ಆತನಿಗೆ ದಿಗಿಲು ಹತ್ತಿದೆ ಎಂದು ಡಾಕ್ಟ್ರು ಟೈಲರ್‌ಗೆ ವಿವರಿಸಿದರು.

ವಿಚಾರಣೆಯ ದಿನ ಡಾಕ್ಟ್ರು ಹೆಂಡತಿಯನ್ನು, ಟೈಲರನ್ನು, ಜೆರಾಕ್ಸು ಅಂಗಡಿಯಾಕೆಯನ್ನು ಕರೆದುಕೊಂಡು ಹೋಗಿ ಎರಡನೆಯ ಬೆಂಚಿನಲ್ಲಿ ಕೂರಿಸಿದರು. ನ್ಯಾಯಾಧೀಶರು ಒಣಗಿದ ಮುಖದ, ಗಂಟಲು ಕಟ್ಟಿದ್ದ ಮುದುಕರು, ಹೆಚ್ಚು ಮಾತಾಡಿದರೆ ನೋಯುತ್ತದೆ ಎಂಬಂತೆ ಕುಳಿತಿದ್ದರು. ಡಾಕ್ಟ್ರ ಲಾಯರ್ರು ಎದ್ದು ನಿಂತು, ತಮ್ಮ ಮೂವತ್ತು ವರ್ಷದ ಅನುಭವದಲ್ಲಿ ಇಂಥ ಕೇಸು ಕಂಡಿಲ್ಲವೆಂದೂ, ಮಾಲೀಕರ ಕತ್ತು ಮಾಲೀಕರ ಕೈಯಲ್ಲೇ ಇದೆಯೆಂದೂ ಪೀಠಿಕೆ ಹಾಕಿ, ಕಟ್ಟು ನೋಡದೆಯೇ, ಪುಟ ನಲವತ್ತನಾಲ್ಕು ಸ್ವಾಮಿ, ಎದುರು ಪಕ್ಷದ ಬಾಯಿಂದಲೇ ಬಂದ ಮಾತು ಎಂದು ಘೋಷಿಸಿದರು. ನಲವತ್ತನಾಲ್ಕು ಎಂಬುದನ್ನು ಕೇಳಿ ಡಾಕ್ಟ್ರು ತಮ್ಮ ಲಾಯರ್ರಿಗೆ ಹನ್ನೆರಡು ಮರೆತುಹೋಯಿತೇ ಎಂದು ಗಾಬರಿಯಾದರು. ಲಾಯರ್ರು ಪುಟ ತೆಗೆದು, ಕೈ ಮೇಲೆತ್ತಿ, ಗಂಭೀರವಾದ ಧ್ವನಿಯಲ್ಲಿ ಓದಿದರು: "'ಮೂರನೆಯ ಮಹಡಿಯ ನೀರಿನ ಟ್ಯಾಂಕು ಸೋರುವುದು ನಿಜ. ನಾನು ಅದಕ್ಕೆ ಎರಡು ಸಲ ವಾಷರ್ ಹಾಕಿರುತ್ತೇನೆ.'"

ಕೊಳಾಯಿಯವನ ಈ ಹೇಳಿಕೆಯಿಂದ ಏನು ಸಾಬೀತಾಯಿತು ಎಂದು ನ್ಯಾಯಾಧೀಶರು ಕೇಳಿದರು. ಲಾಯರ್ರು ಪಳಗಿದವರು. ಅರ್ಧ ನಿಮಿಷ, ಟ್ಯಾಂಕಿನಲ್ಲಿ ನೀರಿತ್ತು ಎಂದರೆ ಕಟ್ಟಡದಲ್ಲಿ ಜನರಿದ್ದರು, ಜನರಿದ್ದರು ಎಂದರೆ ಅಂಗಡಿ ತೆರೆದಿತ್ತು ಎಂದು ವಾದಿಸಿಯೇ ವಾದಿಸಿದರು. ಜೊತೆಜೊತೆಗೆ ಎಡಗೈಯಲ್ಲಿ ಹಾಳೆ ಮಗುಚುತ್ತಿದ್ದರು. ಕೊನೆಗೆ ಆ ಕೈಯೂ ನಿಂತಿತು, ಬಾಯಿಯೂ ನಿಂತಿತು. ಎದುರು ಲಾಯರ್ರು ಎದ್ದು, ದಾಖಲೆ ಒದಗಿಸುವುದು ಅಪೀಲುದಾರರ ಹೊಣೆ, ಅವರು ಏನು ಕೊಟ್ಟಿದ್ದಾರೋ ಅದೇ ತಮಗೆ ಪ್ರಮಾಣ ಎಂದು ಕೈಮುಗಿದು ಕುಳಿತುಬಿಟ್ಟರು.

ನ್ಯಾಯಾಧೀಶರು ನಲವತ್ತೊಂದನೆಯ ಪುಟದ ಮೂಲೆಯನ್ನು ಉಗುರಿನಿಂದ ಕೆರೆದರು. ಚೀಟಿ ಎದ್ದುಬಂತು, ಕೆಳಗೆ ನಲವತ್ತೇಳು ಇತ್ತು. ಅದನ್ನು ಬೆರಳ ತುದಿಯಲ್ಲಿ ಅಂಟಿಸಿಕೊಂಡೇ, ನಡುವಿನ ಆರು ಹಾಳೆ ಎಲ್ಲಿ ಎಂದು ಡಾಕ್ಟ್ರನ್ನೇ ಕೇಳಿದರು. ಡಾಕ್ಟ್ರು ಎದ್ದು ನಿಂತು, "ಅವು ಮುಖ್ಯ ಅಲ್ಲ ಸ್ವಾಮಿ. ಮುಖ್ಯವಾದ್ದು ಹನ್ನೆರಡನೇ ಪುಟದಲ್ಲಿದೆ. ಕೆಂಪು ಗೆರೆ ಹಾಕಿದ್ದೀನಿ" ಎಂದರು. ನ್ಯಾಯಾಧೀಶರು ಹನ್ನೆರಡನೆಯ ಪುಟ ತೆಗೆದು, ಊರಿಗೆ ಕಣ್ಣು ಕೊಟ್ಟವರು ಯಾರೆಂದು ತಿಳಿದುಕೊಂಡು, ನಕ್ಷತ್ರವನ್ನೂ ನೋಡಿ, ಕಟ್ಟು ಮುಚ್ಚಿದರು.

ಊಟದ ವಿರಾಮ ಮುಗಿಯುವುದರೊಳಗೆ ಆರು ಹಾಳೆ ತಮ್ಮ ಮುಂದಿರಬೇಕು, ಅಪೀಲಿನ ಅವಧಿ ಮುಗಿದಿರುವುದರಿಂದ ಇನ್ನು ಬೇರೆ ದಿನಾಂಕವಿಲ್ಲ, ಹಾಳೆ ಬರದಿದ್ದರೆ ಅದರಲ್ಲಿದ್ದದ್ದೆಲ್ಲ ಅಪೀಲುದಾರನಿಗೆ ವಿರುದ್ಧವಾಗಿತ್ತೆಂದು ತಿಳಿಯಲಾಗುವುದು ಎಂದು ಹೇಳಿ ಅವರು ಎದ್ದರು. ಡಾಕ್ಟ್ರಿಗೆ ಈ ಮಾತು ಬಹಳ ನ್ಯಾಯವಾಗಿ ಕಂಡಿತು. ಅದರಲ್ಲಿದ್ದದ್ದೆಲ್ಲ ತಮಗೆ ವಿರುದ್ಧವಾಗಿಯೇ ಇತ್ತಲ್ಲ.

ಹೊರಗಿನ ಮೊಗಸಾಲೆಯಲ್ಲಿ ಲಾಯರ್ರು ಮೂವತ್ತು ವರ್ಷದ ನಂಬಿಕೆಯನ್ನು ಗಾಳಿಗೆ ತೂರಿ, ಗುಟ್ಟನ್ನು ಎಲ್ಲರ ಮುಂದೆ ಬಿಚ್ಚಿದರು. ಮುಚ್ಚಿದೆ ಎಂದ ತಿಂಗಳಲ್ಲೇ ಆ ಮನುಷ್ಯ ಇದೇ ಅಂಗಡಿಯಲ್ಲಿ ಕನ್ನಡಕ ಮಾಡಿಸಿಕೊಂಡೆ ಎಂದು ಪ್ರಮಾಣ ಮಾಡಿ ಹೇಳಿದ್ದಾನೆ, ಆ ಒಂದು ಸಾಲಿಗೆ ಇಡೀ ಕೇಸು ನಿಂತಿತ್ತು, ಹೊಸ ನಕಲು ತೆಗೆಸಲು ಹದಿನೈದು ದಿನ ಬೇಕು, ಹಾಳೆ ಎಲ್ಲಿಟ್ಟಿದ್ದೀರಿ ಹೇಳಿ ಎಂದು ಡಾಕ್ಟ್ರ ತೋಳು ಹಿಡಿದು ಅಲುಗಿಸಿದರು. ಜೆರಾಕ್ಸು ಅಂಗಡಿಯಾಕೆ ಹೇಳಬೇಕಾದ್ದನ್ನು ಅವತ್ತೇ ಹೇಳಿದ್ದಳು.

ಹೆಂಡತಿ ಹತ್ತಿರ ಬಂದಳು. "ಮನೇಲಿದ್ರೆ ಹೇಳಿ, ನಾನು ಆಟೋದಲ್ಲಿ ಹೋಗಿ ತರ್ತೀನಿ. ಅಪ್ಪ ಕೂತಿದ್ದ ಜಾಗ ರೀ ಅದು."

ಹಾಳೆ ಮನೆಯಲ್ಲಿರಲಿಲ್ಲ. ಡಾಕ್ಟ್ರ ಎದೆಯ ಮೇಲೆ, ಕೋಟಿನ ಒಳಜೇಬಿನಲ್ಲಿ, ಅವರು ಉಸಿರೆಳೆದಾಗಲೆಲ್ಲ ಮರ್ಮರ ಸದ್ದು ಮಾಡುತ್ತಿತ್ತು. ಕೈ ಒಂದು ಗೇಣು ಮೇಲೆ ಹೋದರೆ ಅಂಗಡಿ ಉಳಿಯುತ್ತಿತ್ತು. ಆದರೆ ಹಾಳೆ ಒಳಗೆ ಹೋದರೆ ಆರೂ ಹೋಗಬೇಕು, ಗಟ್ಟಿಯಾಗಿ ಓದಬೇಕು, ಎರಡನೆಯ ಬೆಂಚಿನಲ್ಲಿ ಇವಳು ಕುಳಿತಿರುತ್ತಾಳೆ. ಡಾಕ್ಟ್ರು ನಿಜವಾಗಿಯೂ ಸಂಕಟಪಟ್ಟರು, ಅಷ್ಟನ್ನು ಅವರ ಪರವಾಗಿ ಹೇಳಲೇಬೇಕು. ಕೈ ಮೇಲೆ ಹೋಯಿತು, ಕೋಟಿನ ಗುಂಡಿಯವರೆಗೂ ಹೋಯಿತು, ಅಲ್ಲಿ ಗುಂಡಿಯನ್ನು ಭದ್ರವಾಗಿ ಹಾಕಿ ಕೆಳಗಿಳಿಯಿತು.

"ಕಳೆದುಹೋಗಿದೆ" ಎಂದರು ಡಾಕ್ಟ್ರು.

ಮಧ್ಯಾಹ್ನದ ಆದೇಶ ನಾಲ್ಕು ಸಾಲಿಗೆ ಮುಗಿಯಿತು. ದಾಖಲೆಯನ್ನು ಪೂರ್ತಿಯಾಗಿ ಒದಗಿಸುವುದು ಅಪೀಲುದಾರನ ಹೊಣೆ, ಒದಗಿಸಿಲ್ಲ, ಕೆಳಗಿನ ತೀರ್ಪು ಸರಿಯಾಗಿದೆಯೆಂದೇ ತಿಳಿಯಬೇಕಾಗಿದೆ, ಒಂದು ತಿಂಗಳಲ್ಲಿ ಜಾಗ ತೆರವು ಮಾಡತಕ್ಕದ್ದು. ಹೊರಗೆ ಮಾಲೀಕರು ತಾವಾಗಿಯೇ ಬಂದು ಕೈ ಕುಲುಕಿ, ಬೇಜಾರು ಮಾಡಿಕೊಳ್ಳಬೇಡಿ ಡಾಕ್ಟ್ರೇ ಎಂದು ಹೇಳಿ ಹೋದರು. ಡಾಕ್ಟ್ರೇ ಎಂದದ್ದು ಅಷ್ಟು ಸಂಕಟದಲ್ಲೂ ಇವರ ಕಿವಿಗೆ ಬಿತ್ತು.

ತಿಂಗಳ ಕೊನೆಯ ದಿನ ಅಂಗಡಿ ಖಾಲಿ ಮಾಡಿದರು. ಷಟರು ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಪೂರ್ತಿ ಮೇಲೆ ಹೋಗಿತ್ತು. ಬೆಳಕಿನಲ್ಲಿ ಆ ಜಾಗ ಇಷ್ಟು ಚಿಕ್ಕದೇ ಎಂದು ಟೈಲರ್ ಆಶ್ಚರ್ಯಪಟ್ಟ. ಸಾಣೆ ಭಾರವಾಗಿತ್ತು. ಟೈಲರ್ ಜೊತೆ ಸೇರಿ ಅದನ್ನು ಎತ್ತುವುದಕ್ಕೆ ಡಾಕ್ಟ್ರು ಕೋಟು ಬಿಚ್ಚಿ, ಯೋಚನೆಯಿಲ್ಲದೆ ಹೆಂಡತಿಯ ಕೈಗೆ ಕೊಟ್ಟರು. ಸಾಣೆಯನ್ನು ಗಾಡಿಗೆ ಏರಿಸಿ ತಿರುಗಿ ಬಂದಾಗ ಅವಳು ಗಿರಾಕಿಯ ಕುರ್ಚಿಯಲ್ಲಿ ಕುಳಿತು ಓದುತ್ತಿದ್ದಳು. ಮಡಿಲಲ್ಲಿ ಐದು ಹಾಳೆ, ಕೈಯಲ್ಲಿ ಒಂದು.

ಡಾಕ್ಟ್ರು ತಲೆ ತಾಗುವ ಮೂಲೆಯಲ್ಲಿ ಬಗ್ಗಿಕೊಂಡು ನಿಂತರು. ಅವಳು ಆರನ್ನೂ ಸಾವಕಾಶವಾಗಿ ಓದಿದಳು; ಮಾಲೀಕರ ಮೊಣಕಾಲು ಬಂದಲ್ಲಿ ಒಮ್ಮೆ ನಿಂತಳು, ಕಾಂಪೌಂಡರು ಬಂದ ಹಾಳೆಗೆ ಮತ್ತೆ ಹಿಂದಿರುಗಿ ಎರಡನೆಯ ಸಲ ಓದಿದಳು. ಆಮೇಲೆ ಅಂಚು ಕೂಡಿಸಿ, ಅಂಕೆಗಳ ಪ್ರಕಾರ ಜೋಡಿಸಿ, ಗಂಡನ ಮುಂದೆ ಹಿಡಿದಳು.

"ಅಪ್ಪ ನಿಮಗೆ ಕೆಲಸ ಕಲಿಸಿದ್ದು ತಪ್ಪಾಯ್ತು ಅಂತ ಇದರಲ್ಲಿ ಎಲ್ಲೂ ಇಲ್ಲ. ಅದನ್ನೂ ಬರೆದು ಸೇರಿಸಿ. ರೆಕಾರ್ಡು ಪೂರ್ತಿ ಆಗ್ಲಿ."

ಡಾಕ್ಟ್ರು ಪೆನ್ನಿಗಾಗಿ ಎದೆ ತಡಕಿಕೊಂಡರು. ಪೆನ್ನು ಕೋಟಿನಲ್ಲಿತ್ತು, ಕೋಟು ಅವಳ ತೋಳಿನ ಮೇಲಿತ್ತು.